ನುಗ್ಗೆಕೊಂಬೆ ಕೊಟ್ಟ ಬಿರುದು

ಬೈಸಿಕೊಂಡು ಮಾಡುವ ಕೆಲಸಕ್ಕೆ ಎಲ್ಲಾದರೂ ಒಂದು ಕೊನೆ ಇರುತ್ತದೆ. ಬೈಯುವವರಿಗೇ ಬಾಯಿ ನೋಯುತ್ತದೆ, ಇಲ್ಲವೇ ಬೈಸಿಕೊಂಡವರು ಒಂದು ದಿನ ತಿರುಗಿ ನಿಲ್ಲುತ್ತಾರೆ. ಹೊಗಳಿಸಿಕೊಂಡು ಮಾಡುವ ಕೆಲಸಕ್ಕೆ ಮಾತ್ರ ಕೊನೆ ಎನ್ನುವುದೇ ಇಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರು ಒಂದು ದಿನ, "ನಿಮ್ಮ ಅಕ್ಷರ ಮುತ್ತು ಪೋಣಿಸಿದಂಗಿದೆ ಮೇಡಂ" ಎಂದರು. ನಾನು ನಾಚಿಕೊಂಡೆ. ಆ ಹೆಡ್‌ಮಾಸ್ಟರು ರಿಟೈರಾದರು, ಅವರಾದ ಮೇಲೆ ಮೂವರು ಬಂದು ಹೋದರು. ಇವತ್ತಿಗೂ ಶಾಲೆಯ ಬೋರ್ಡಿನ ಮೇಲಿನ ಸುಭಾಷಿತ, ಬಿಸಿಯೂಟದ ಪಟ್ಟಿ, ಬಹುಮಾನದ ಸರ್ಟಿಫಿಕೇಟು, ಕೊನೆಗೆ ಶೌಚಾಲಯದ ಬಾಗಿಲ ಮೇಲಿನ 'ನೀರು ಹಾಕಿ' ಎಂಬ ವಿನಂತಿಯವರೆಗೆ ಎಲ್ಲವೂ ನನ್ನ ಮುತ್ತುಗಳೇ. ಕಾಗೆಕಾಲು ಗುಬ್ಬಿಕಾಲು ಅಕ್ಷರದ ನನ್ನ ಸಹೋದ್ಯೋಗಿಯೊಬ್ಬರು ಗಂಟೆ ಹೊಡೆದ ಕೂಡಲೇ ಬ್ಯಾಗು ಹೆಗಲಿಗೇರಿಸಿ ಬಸ್‌ಸ್ಟಾಂಡು ಸೇರುತ್ತಾರೆ. ಅವರ ಅಕ್ಷರ ಅವರನ್ನು ಕಾಪಾಡಿದೆ.

ಶಾಲೆಯಲ್ಲಿ ಅಕ್ಷರವಾದರೆ ಮನೆಯಲ್ಲಿ ಕೈಗುಣ. ನಮ್ಮ ಅತ್ತೆಯ ಪ್ರಕಾರ ನಾನು ನೆಟ್ಟದ್ದೆಲ್ಲ ಚಿಗುರುತ್ತದೆ. ಈ ಬಿರುದು ನನಗೆ ಬಂದ ಬಗೆಯನ್ನು ಹೇಳಿಬಿಡುತ್ತೇನೆ. ಹದಿನೆಂಟು ವರ್ಷದ ಹಿಂದೆ ಮದುವೆಯಾಗಿ ದೇವನಹಳ್ಳಿ ಹತ್ತಿರದ ವಿಜಯಪುರದ ಈ ಮನೆಗೆ ಬಂದಾಗ ಹಿತ್ತಲಿನಲ್ಲಿ ಬಟ್ಟೆ ಒಣಗಿಸಲು ಹಗ್ಗ ಕಟ್ಟಬೇಕಿತ್ತು. ಒಂದು ತುದಿಗೆ ಕಿಟಕಿಯ ಕಂಬಿ ಇತ್ತು, ಇನ್ನೊಂದು ತುದಿಗೆ ಏನೂ ಇರಲಿಲ್ಲ. ಯಾರೋ ಕಡಿದು ಬೀದಿಯಲ್ಲಿ ಬಿಸಾಕಿದ್ದ ನುಗ್ಗೆಕೊಂಬೆಯೊಂದನ್ನು ಎಳೆದು ತಂದು ನೆಲಕ್ಕೆ ಬಡಿದು ಹಗ್ಗ ಕಟ್ಟಿದೆ. ಯುಗಾದಿಯ ಹೊತ್ತಿಗೆ ನನ್ನ ಲಂಗದ ಪಕ್ಕದಲ್ಲಿ ಅದು ಹಸಿರು ಕಣ್ಣು ಬಿಟ್ಟಿತು. ಅತ್ತೆ ಬೆಳಿಗ್ಗೆ ಎದ್ದು ನೋಡಿದವರು ಸೊಂಟದ ಮೇಲೆ ಕೈ ಇಟ್ಟುಕೊಂಡು ಕೊಂಬೆಯ ಸುತ್ತ ಒಂದು ಸುತ್ತು ಹಾಕಿದರು. ಆಮೇಲೆ ಪಕ್ಕದ ಮನೆಯ ಗೌರಮ್ಮನನ್ನು ಕರೆದು, "ನಮ್ ಸೊಸೆ ಕೈಗುಣ ನೋಡ್ಬಾರೆ ಗೌರಿ. ಒಣಕೋಲು ನೆಟ್ರೂ ಚಿಗುರ್ತದೆ" ಎಂದರು.

ನಾನು ವಿಜ್ಞಾನದ ಟೀಚರು. ನುಗ್ಗೆಕೊಂಬೆ ಚಿಗುರಲು ಯಾರ ಕೈಗುಣವೂ ಬೇಡ, ಲಾರಿಯಿಂದ ಉದುರಿದರೂ ಬಿದ್ದಲ್ಲೇ ಚಿಗುರುತ್ತದೆ ಎಂಬುದು ನನಗೆ ಆಗಲೂ ಗೊತ್ತಿತ್ತು. ಆದರೆ ಮನೆಗೆ ಬಂದು ಐದು ತಿಂಗಳಾಗಿತ್ತು. ಅಷ್ಟರಲ್ಲಿ ನನ್ನ ಸಾರಿಗೆ ಹುಳಿ ಹೆಚ್ಚು ಎಂದಾಗಿತ್ತು, ಮುದ್ದೆಯಲ್ಲಿ ಗಂಟು ಎಂದಾಗಿತ್ತು, ರಂಗೋಲಿ ಸೊಟ್ಟ ಎಂದಾಗಿತ್ತು. ಮೊದಲ ಸಲ ಒಂದು ಒಳ್ಳೆಯ ಮಾತು ಬಂದಿದೆ, ಅದನ್ನು ಸಸ್ಯಶಾಸ್ತ್ರ ಹೇಳಿ ಕೆಡಿಸಿಕೊಳ್ಳುವಷ್ಟು ದಡ್ಡತನ ನನ್ನಲ್ಲಿರಲಿಲ್ಲ. ಸುಮ್ಮನೆ ತಲೆ ತಗ್ಗಿಸಿ ನಕ್ಕೆ. ಆ ನಗುವಿಗೆ ಹದಿನೆಂಟು ವರ್ಷದಿಂದ ಗುಂಡಿ ತೋಡುತ್ತಿದ್ದೇನೆ.

ಏಕೆಂದರೆ ಅಂದಿನಿಂದ ಹಿತ್ತಲಿನಲ್ಲಿ ಬೇರೆ ಯಾರೂ ಏನನ್ನೂ ನೆಡುವಂತಿಲ್ಲ. ಗೊಬ್ಬರ ಹಾಕಬಹುದು, ನೀರು ಬಿಡಬಹುದು, ಕಾಯಿ ಕಿತ್ತು ಪಲ್ಯ ಮಾಡಿ ತಿನ್ನಬಹುದು. ಸಸಿ ನೆಡುವುದು ಮಾತ್ರ ನನ್ನ ಕೈಯಿಂದಲೇ ಆಗಬೇಕು. ಬೀದಿಯವರೂ ಕಲಿತುಕೊಂಡರು. ಗೌರಮ್ಮನ ಮನೆಯ ದಾಳಿಂಬೆ, ಮೂಲೆ ಮನೆಯ ಕರಿಬೇವು, ರೇಷ್ಮೆ ಹುರಿ ಮಿಷಿನ್ ಇಟ್ಟಿರುವವರ ಮನೆ ಮುಂದಿನ ಸಂಪಿಗೆ, ಎಲ್ಲಕ್ಕೂ ಭಾನುವಾರ ಬೆಳಿಗ್ಗೆ ನನಗೇ ಕರೆ. ಈ ಬಿರುದನ್ನು ಕಳೆದುಕೊಳ್ಳಲು ನಾನು ಪ್ರಯತ್ನಪಡಲಿಲ್ಲ ಎಂದುಕೊಳ್ಳಬೇಡಿ. ಒಂದು ವರ್ಷ ಬೇಕೆಂದೇ ಬದನೆ ಸಸಿಗಳನ್ನು ಬೇರು ಮಡಚಿ ಒಂದರ ಮೇಲೊಂದು ಬೀಳುವ ಹಾಗೆ ನೆಟ್ಟು, ನೀರು ಕೂಡ ಹಾಕದೆ ಒಳಗೆ ಬಂದುಬಿಟ್ಟೆ. ಮಾರನೆಯ ದಿನವೇ ರೇವತಿ ಮಳೆ ಬಂತು. ಆ ಸಲ ಬಿಟ್ಟ ಬದನೆಕಾಯಿಯನ್ನು ಇಡೀ ಬೀದಿ ತಿಂದು, ಕೊನೆಗೆ ನಾನು ಬುಟ್ಟಿ ಹಿಡಿದು ಬಂದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಇನ್ನೊಂದು ವರ್ಷ ಟೊಮೇಟೊ ಪೂರ್ತಿ ಒಣಗಿಹೋಯಿತು. ಈಗ ಬಿಡುಗಡೆ ಎಂದುಕೊಂಡೆ. ಅತ್ತೆ, "ಕೈಗುಣ ಒಂದಿದ್ರೆ ಸಾಕಾ? ನೋಡೋರ ಕಣ್ಣೂ ಸರಿಯಾಗಿರ್ಬೇಕು" ಎಂದು ಗೌರಮ್ಮನ ಮನೆಯ ಕಡೆಗೆ ಕತ್ತು ತಿರುಗಿಸಿದರು. ಬಂದರೆ ನನ್ನ ಕೈ, ಹೋದರೆ ಗೌರಮ್ಮನ ಕಣ್ಣು. ಇಂಥ ಭದ್ರವಾದ ನೌಕರಿ ಸರ್ಕಾರದಲ್ಲೂ ಇಲ್ಲ.

ಈ ವರ್ಷದ ಸಂಜೆಗೆ ಬರುತ್ತೇನೆ. ಯುಗಾದಿ ಕಳೆದು ಹತ್ತು ದಿನವಾಗಿತ್ತು. ಹತ್ತನೇ ತರಗತಿಯ ಪರೀಕ್ಷೆ ನಡೆಯುತ್ತಿತ್ತು, ನನ್ನನ್ನು ದೇವನಹಳ್ಳಿಯ ಕೇಂದ್ರವೊಂದಕ್ಕೆ ಕೊಠಡಿ ಮೇಲ್ವಿಚಾರಕಿಯಾಗಿ ಹಾಕಿದ್ದರು. ಮೂರು ಗಂಟೆ ನಿಂತೇ ಇರಬೇಕು. ಆ ದಿನ ಕಿಟಕಿ ಪಕ್ಕದ ಹುಡುಗಿಯೊಬ್ಬಳು ಮುಂದಿನವಳ ಉತ್ತರಪತ್ರಿಕೆ ನೋಡಿ ಬರೆಯುತ್ತಿದ್ದಳು. ಜಾಗ ಬದಲಾಯಿಸಿ, "ಇನ್ನೊಬ್ಬರು ಬರೆದದ್ದಕ್ಕೆ ಮಾರ್ಕ್ಸು ತಗೊಂಡ್ರೆ ಅದು ನಿನ್ನ ಮಾರ್ಕ್ಸು ಹೇಗಾಗುತ್ತಮ್ಮಾ?" ಎಂದು ಮೆಲ್ಲಗೆ ಉಪದೇಶ ಮಾಡಿದೆ. ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡಳು. ನನಗೆ ನನ್ನ ಬಗ್ಗೆ ಒಂದು ರೀತಿ ಗೌರವ ಬಂತು. ಅದಾದ ಮೇಲೆ ನಮ್ಮ ಶಾಲೆಗೆ ಹೋಗಿ ಎಂಟನೇ ತರಗತಿಯ ಪತ್ರಿಕೆ ತಿದ್ದಿ, ವಿಜಯಪುರದ ಬಸ್ಸಿನಲ್ಲಿ ಮತ್ತೆ ನಿಂತು, ಐದೂವರೆಗೆ ಮನೆ ಸೇರಿದಾಗ ನನ್ನ ಕಾಲುಗಳು ನನ್ನವೇ ಎನ್ನುವುದಕ್ಕೆ ನೋವು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ.

ಹಿತ್ತಲ ಬಾಗಿಲಲ್ಲಿ ಸಸಿಯ ಟ್ರೇ ಕೂತಿತ್ತು. ನಮ್ಮವರು ಬೆಳಿಗ್ಗೆ ನರ್ಸರಿಯಿಂದ ತಂದಿಟ್ಟು ಹೋಗಿದ್ದರು. ಒಂದು ಟ್ರೇಗೆ ತೊಂಬತ್ತೆಂಟು ಗುಳಿ, ತೊಂಬತ್ತೆಂಟು ಸಸಿ. ನಮ್ಮ ಹಿತ್ತಲಿಗೆ ಅರವತ್ತೇ ಹೆಚ್ಚು. "ಬಿಡಿಯಾಗಿ ಕೊಡಲ್ಲ ಕಣೇ, ಟ್ರೇ ಪೂರ್ತಿ ತಗೋಬೇಕು, ಅದಕ್ಕೇ ಬದನೆ, ಟೊಮೇಟೊ, ಮೆಣಸಿನಕಾಯಿ ಮೂರೂ ಸೇರಿಸಿ ಹಾಕಿಸ್ಕೊಂಡು ಬಂದೆ" ಎಂದು ಪ್ರತಿ ವರ್ಷ ಹೇಳುತ್ತಾರೆ. ಅವರು ಪಕ್ಕದ ಹಳ್ಳಿಯ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಸಸಿ ನೆಡಬೇಕಾದದ್ದು ಬಿಸಿಲು ಇಳಿದ ಮೇಲೆ. ಬಿಸಿಲು ಇಳಿದ ಮೇಲೆಯೇ ಊರಿನ ಹಸುಗಳೂ ಹಾಲು ಕೊಡುತ್ತವೆ. ಹದಿನೆಂಟು ವರ್ಷದಲ್ಲಿ ಒಂದೇ ಒಂದು ಸಲವೂ ಆ ಮನುಷ್ಯ ಸಸಿ ನೆಡುವ ಹೊತ್ತಿಗೆ ಮನೆಯಲ್ಲಿ ಇದ್ದದ್ದಿಲ್ಲ.

ನಿಟ್ಟುಸಿರು ಬಿಟ್ಟು, ಸೀರೆ ಬದಲಿಸಲು ಒಳಗೆ ಹೊರಟೆ. ಅತ್ತೆ ತಡೆದರು. "ನೀನ್ ಕುಂತ್ಕೊ ಸುಮಿತ್ರ. ದಿನಾ ನಿಂತು ನಿಂತು ಕಾಲು ಊದ್ಕೊಂಡದೆ. ಈ ಸಲ ರಮ್ಯ ಹಾಕ್ಲಿ ಬಿಡು" ಎಂದರು.

ರಮ್ಯ ನನ್ನ ಮೈದುನನ ಹೆಂಡತಿ. ಎರಡು ತಿಂಗಳ ಹಿಂದೆ ಮದುವೆಯಾಗಿ ಹೊಸಕೋಟೆಯಿಂದ ಬಂದ ಹುಡುಗಿ. ಮಹಡಿ ಮೇಲಿನ ಮನೆಯಲ್ಲಿ ಇರುತ್ತಾಳೆ, ಮಿಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಹದಿನೆಂಟು ವರ್ಷದಿಂದ ನಾನು ಕೇಳಲು ಕಾಯುತ್ತಿದ್ದ ಮಾತು ಅದು. ಅದನ್ನು ಕೇಳಿದ ಕೂಡಲೇ ನನಗೆ ಆದದ್ದು ಸಂತೋಷವಲ್ಲ. ಒಳಗೆ ಹೊರಟಿದ್ದವಳು ಬಾಗಿಲಲ್ಲೇ ತಿರುಗಿ, "ಅವಳಿಗೆ ಅಭ್ಯಾಸ ಇದೆಯೋ ಇಲ್ಲವೋ ಅತ್ತೆ" ಎಂದೆ.

"ಅಭ್ಯಾಸ ಯಾಕೆ? ಮೊನ್ನೆ ಪುದೀನ ಕಡ್ಡಿ ಬಿಸಾಕೋ ಬದ್ಲು ಪೇಂಟ್ ಡಬ್ಬಕ್ಕೆ ಚುಚ್ಚವ್ಳೆ. ಒಂದೇ ವಾರಕ್ಕೆ ಹೆಂಗ್ ಬಂದದೆ ಗೊತ್ತಾ? ಕೈಗುಣ ಅದೆ ಹುಡುಗಿಗೆ" ಎಂದರು ಅತ್ತೆ.

ಪುದೀನ. ನಾನು ಎಂಟನೇ ತರಗತಿಗೆ ಪ್ರತಿ ವರ್ಷ ಪಾಠ ಮಾಡುತ್ತೇನೆ. ಪುದೀನ ಕಡ್ಡಿಗೆ ಕೈ ಏಕೆ, ಕಾಲಲ್ಲಿ ಒದ್ದರೂ ಬೇರು ಬಿಡುತ್ತದೆ. ಈ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಕಣ್ಣಿಗೆ ಎದುರಿಗಿದ್ದ ನುಗ್ಗೆಮರ ಬಿತ್ತು. ಈಗ ಮಹಡಿಯ ಎತ್ತರಕ್ಕೆ ಬೆಳೆದು, ಮೈತುಂಬ ಕಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ಪುದೀನ ತಾನಾಗಿ ಬರುತ್ತದೆ ಎಂದು ನಾನು ಬಾಯಿ ಬಿಟ್ಟರೆ, ನುಗ್ಗೆಯೂ ತಾನಾಗಿಯೇ ಬರುತ್ತದೆ ಎಂದು ಇನ್ನೊಬ್ಬರು ಬಾಯಿ ಬಿಡುತ್ತಾರೆ. ಅಡಕತ್ತರಿಯಲ್ಲಿ ಸಿಕ್ಕಂತಾಯಿತು. ವಿಜ್ಞಾನವನ್ನು ನುಂಗಿಕೊಂಡು, ಕಾಫಿ ಲೋಟ ಹಿಡಿದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತೆ.

ಕುಳಿತದ್ದು ನಿಜ, ವಿಶ್ರಾಂತಿ ಸಿಕ್ಕಿದ್ದು ಸುಳ್ಳು. ರಮ್ಯ ಬಂದಳು. ಉಗುರಿಗೆ ಕೆಂಪು ಬಣ್ಣ ಹಚ್ಚಿದ್ದಳು. ಗೋಣಿಚೀಲ ಹಾಸಿಕೊಂಡು ಮಂಡಿಯೂರಿ, "ಅಕ್ಕಾ, ತಪ್ಪಾದ್ರೆ ಹೇಳಿ" ಎಂದು ನನ್ನ ಕಡೆ ನೋಡಿ ನಕ್ಕಳು. ಕಾಂಪೌಂಡಿಗೆ ಅಂಟಿದ ಮೊದಲ ಪಾತಿಯಲ್ಲಿ ಕಡ್ಡಿಯಿಂದ ತೂತು ಮಾಡಿ, ಸಸಿಯ ಬುಡವನ್ನು ಎರಡು ಬೆರಳಲ್ಲಿ ಹಿಡಿದು ಇಳಿಸಿ, ಸುತ್ತ ಮಣ್ಣನ್ನು ಮೆಲ್ಲಗೆ ಒತ್ತಿದಳು. ಸೂಜಿಗೆ ದಾರ ಪೋಣಿಸುವವಳ ಬೆರಳು. ಇದು ಸಸಿ ನೆಡುವ ರೀತಿಯೇ ಅಲ್ಲ ಎನಿಸಿತು ನನಗೆ. ಮಣ್ಣನ್ನು ಗಟ್ಟಿಯಾಗಿ ಒತ್ತಬೇಡವೇ? ಒಂದು ಸಸಿಗೆ ಇಷ್ಟು ಹೊತ್ತು ತೆಗೆದುಕೊಂಡರೆ ತೊಂಬತ್ತೆಂಟು ಮುಗಿಯುವುದು ಯಾವಾಗ? ಕಾಫಿಗೆ ಸಕ್ಕರೆ ಕಡಿಮೆಯಾಗಿತ್ತು. ಕಲ್ಲು ಚುಚ್ಚುತ್ತಿತ್ತು. ಬೀದಿ ತುದಿಯ ಹುರಿ ಮಿಷಿನ್ನಿನ ಸದ್ದು ದಿನಕ್ಕಿಂತ ಜಾಸ್ತಿ ಕೇಳುತ್ತಿತ್ತು.

ಒಂದು ಸಾಲಿನಲ್ಲಿ ಹನ್ನೆರಡು ಬದನೆ ಮುಗಿಸಿದಳು. ಅತ್ತೆ ಬಗ್ಗಿ ನೋಡಿ, "ನೋಡ್ದಾ, ನೆಟ್ ತಕ್ಷಣ ಹೆಂಗ್ ನೆಟ್ಟಗೆ ನಿಂತ್ಕೊಂತು" ಎಂದರು. ನನ್ನ ಸಸಿಗಳು ಮೊದಲ ದಿನ ಯಾವಾಗಲೂ ಬಾಡಿ ಮಲಗುತ್ತವೆ. ಆಮೇಲೆ ಏಳುತ್ತವೆ. ಈ ಮಾತಿನಲ್ಲಿ ನನಗೆ ಪೆಟ್ಟಿತ್ತೋ ಇಲ್ಲವೋ ಗೊತ್ತಿಲ್ಲ, ಪೆಟ್ಟು ಮಾತ್ರ ಬಿತ್ತು. ಅಷ್ಟಕ್ಕೇ ನಿಂತಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಕಾಂಪೌಂಡಿನ ಆಚೆ ಗೌರಮ್ಮನ ತಲೆ ಕಾಣಿಸಿತು. ಅತ್ತೆ ಬಿಟ್ಟಾರೆಯೇ? "ನಮ್ ಚಿಕ್ಕಸೊಸೆ ಕೈಗುಣ ನೋಡ್ಬಾರೆ ಗೌರಿ" ಎಂದರು.

ಅದೇ ಮಾತು. ಅದೇ ಗೌರಿ. ಹದಿನೆಂಟು ವರ್ಷದ ಹಿಂದೆ ಕೇಳಿದಾಗ ಎಷ್ಟು ತಣ್ಣಗಿತ್ತೋ ಈಗ ಅಷ್ಟೇ ಉರಿಯಿತು. ಗೌರಮ್ಮ ಕಾಂಪೌಂಡಿನ ಮೇಲೆ ಗಲ್ಲ ಇಟ್ಟುಕೊಂಡು ನೋಡಿದಳು. "ಹಂಗಾದ್ರೆ ಒಂದು ಭಾನುವಾರ ಬಂದು ನಮ್ ತೆಂಗಿನ ಸಸೀನೂ ಇಟ್ಟೋಗವ್ವ. ಟೀಚರಮ್ಮನ್ನ ಕರ್ಯಾನ ಅಂತಿದ್ದೆ. ಪಾಪ, ಅವ್ರಿಗೂ ಸುಸ್ತು, ವಯಸ್ಸಾಗ್ತಾ ಬಂತು" ಎಂದಳು.

ನನಗೆ ನಲವತ್ತಮೂರು. ಗೌರಮ್ಮನಿಗೆ ಅರವತ್ತು ದಾಟಿದೆ. ಅದು ಹಾಗಿರಲಿ, ನಿಮ್ಮೆದುರು ಸತ್ಯ ಹೇಳಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚಾಯಿತು. ಈ ಮನೆಯಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ಅದನ್ನು ಬೈದುಕೊಂಡೇ ಬಳಸಿದ್ದೇನೆ, ಗೊಣಗಿಕೊಂಡೇ ಉಳಿಸಿಕೊಂಡಿದ್ದೇನೆ. ಸಾರಿನ ಹುಳಿ ಇವತ್ತಿಗೂ ಸರಿಹೋಗಿಲ್ಲ, ಮುದ್ದೆಯ ಗಂಟೂ ಹೋಗಿಲ್ಲ. ಕೈಗುಣವೂ ಮಹಡಿ ಹತ್ತಿ ಹೋದರೆ ಕೆಳಗಿನ ಮನೆಯಲ್ಲಿ ನನಗೆ ಉಳಿಯುವುದು ಏನು? ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಆ ಇರುವೆಯನ್ನು ನಾನು ಕಲ್ಲಿನ ಮೇಲೆ ಕೂತಲ್ಲೇ ಬಿಟ್ಟುಕೊಂಡೆ. ಲೋಟ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು ಎದ್ದೆ.

"ಹಾಗಲ್ಲ ಕಣಮ್ಮಾ ರಮ್ಯ, ಇಷ್ಟು ಸಡಿಲ ನೆಟ್ಟರೆ ಗಾಳಿಗೆ ಬುಡ ಅಲ್ಲಾಡುತ್ತೆ. ಈ ಸಾಲು ಪೂರ್ತಿ ಕಿತ್ತು ಮತ್ತೆ ನೆಡಬೇಕು. ಏಳು, ನಾನು ಮಾಡ್ತೀನಿ" ಎಂದು ಅತ್ತೆಗೂ ಗೌರಮ್ಮನಿಗೂ ಕೇಳುವಷ್ಟು ಜೋರಾಗಿ ಹೇಳಿದೆ. ಪರೀಕ್ಷಾ ಕೊಠಡಿಯಲ್ಲಿ ಪಿಸುಗುಟ್ಟಿ ದಣಿದಿದ್ದ ಗಂಟಲು ಈಗ ಬಿಚ್ಚಿಕೊಂಡಿತು. ರಮ್ಯ ತಕ್ಷಣ ಎದ್ದು ಗೋಣಿಚೀಲ ಬಿಟ್ಟುಕೊಟ್ಟಳು. ಮುಖದಲ್ಲಿ ಬೇಜಾರಿರಲಿಲ್ಲ. "ಸರಿ ಅಕ್ಕ, ನಿಮಗೇ ಚೆನ್ನಾಗಿ ಗೊತ್ತು" ಎಂದು ಕೈ ತೊಳೆದುಕೊಂಡು ನಾನು ಎದ್ದ ಕಲ್ಲಿನ ಮೇಲೆ ಕುಳಿತಳು. ಅತ್ತೆ ಏನೋ ಹೇಳಲು ಬಾಯಿ ತೆರೆದವರು, "ಹೊತ್ತು ಮುಳುಗ್ತು, ದೀಪ ಹಚ್ತೀನಿ" ಎಂದು ಒಳಗೆ ಹೋದರು. ಗೌರಮ್ಮನ ತಲೆಯೂ ಇಳಿಯಿತು.

ಮುಂದಿನದ್ದನ್ನು ಹೆಮ್ಮೆಯಿಂದ ಹೇಳುವಂತಿಲ್ಲ. ಮೊದಲು ಉಳಿದ ಪಾತಿಗಳನ್ನು ಮುಗಿಸಿ ಆಮೇಲೆ ರಮ್ಯಳ ಸಾಲನ್ನು ಕಿತ್ತು ನೆಡೋಣ ಎಂದು ಕುಳಿತೆ. ಟೊಮೇಟೊ ಒಂದು ಪಾತಿ, ಮೆಣಸಿನಕಾಯಿ ಎರಡು ಪಾತಿ. ಸಿಟ್ಟಿನ ಕೈಯಲ್ಲಿ ಒಂದೊಂದು ಸಸಿಯನ್ನೂ ಕೊರಳಿನವರೆಗೆ ಇಳಿಸಿ, ಹೆಬ್ಬೆರಳಿನಿಂದ ಒತ್ತಿದೆ. ಒಂದು ಸಸಿ ಅತ್ತೆಯ ಹೆಸರಿನಲ್ಲಿ, ಒಂದು ಗೌರಮ್ಮನ ಹೆಸರಿನಲ್ಲಿ, ಡೈರಿಯಲ್ಲಿ ಹಾಲು ಅಳೆಯುತ್ತಿದ್ದವರ ಹೆಸರಿನಲ್ಲಿ ನಾಲ್ಕೈದು. ಕತ್ತಲಾಯಿತು, ರಮ್ಯ ಹಿತ್ತಲ ಬಲ್ಬು ಹಾಕಿದಳು. ಮಂಡಿ ಹಿಡಿದುಕೊಂಡಿತು, ಸೊಂಟ ತನ್ನ ಪಾಡಿಗೆ ತಾನು ಅಳುತ್ತಿತ್ತು. ನೆಡಲು ಜಾಗವಿಲ್ಲದ ನಲವತ್ತು ಸಸಿ ಟ್ರೇಯಲ್ಲೇ ಉಳಿದವು. ಎಲ್ಲ ಮುಗಿಸಿ ಕಾಂಪೌಂಡಿನ ಸಾಲಿನ ಹತ್ತಿರ ಬಂದರೆ ಬಗ್ಗಲು ನನ್ನಲ್ಲಿ ಶಕ್ತಿ ಇರಲಿಲ್ಲ. ಹನ್ನೆರಡು ಸಸಿ ಕಿತ್ತು ಮತ್ತೆ ನೆಡುವುದು ಹಾಗಿರಲಿ, ಅವುಗಳ ಮೇಲೆ ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ಮುಗಿದಿತ್ತು. ಒಂದೊಂದು ಚೊಂಬು ನೀರು ಹಾಕಿ ಬಿಟ್ಟುಬಿಟ್ಟೆ. ಅದನ್ನು ನೋಡಿದವಳು ಕಲ್ಲಿನ ಮೇಲೆ ಕುಳಿತಿದ್ದ ರಮ್ಯ ಒಬ್ಬಳೇ. ನಾನು ಕೈಕಾಲು ತೊಳೆಯಲು ನೀರು ಕಾಯಿಸಿಟ್ಟಿದ್ದಳು. ಅದು ಮಾತ್ರ ನನಗೆ ಸ್ವಲ್ಪ ನಾಚಿಕೆ ತರಿಸಿತು.

ಏಳೂವರೆಗೆ ನಮ್ಮವರು ಹಾಲಿನ ವಾಸನೆಯೊಂದಿಗೆ ಬಂದರು. ನಾನು ಗೋಡೆಗೊರಗಿ ಕಾಲು ಚಾಚಿ ಕುಳಿತದ್ದು ನೋಡಿ, "ಯಾಕೆ, ಈ ಸಲ ರಮ್ಯ ಹಾಕ್ತಾಳೆ, ನಿಂಗೆ ರೆಸ್ಟು ಅಂತ ಅಮ್ಮ ಬೆಳಿಗ್ಗೇನೆ ಹೇಳಿದ್ರಲ್ಲ?" ಎಂದರು. ನಾನು ನೋವಿನ ಎಣ್ಣೆಯ ಬಾಟಲಿ ಎಲ್ಲಿದೆ ಎಂದು ಕೇಳಿದೆ.

ಹತ್ತು ದಿನ ಕಳೆಯಿತು. ಪರೀಕ್ಷೆ ಮುಗಿದಿತ್ತು, ಮೊದಲ ಸಲ ಬೆಳಕಿನಲ್ಲಿ ನಿಧಾನವಾಗಿ ಹಿತ್ತಲಿಗೆ ಬಂದೆ. ಮೆಣಸಿನಕಾಯಿ ಸಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೊರಳ ಬಳಿ ಕೊಳೆತು ಮಲಗಿದ್ದವು. ಟೊಮೇಟೊ ಬದುಕಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದವು. ಕಾಂಪೌಂಡಿಗೆ ಅಂಟಿದ ಸಾಲಿನಲ್ಲಿ ಹನ್ನೆರಡಕ್ಕೆ ಹನ್ನೆರಡೂ ಬದನೆ ಸಸಿಗಳು ಹೊಸ ಎಲೆ ಬಿಟ್ಟು, ಅಂಗೈ ಅಗಲ ಮಾಡಿಕೊಂಡು ನಿಂತಿದ್ದವು. ನೋಡುತ್ತ ನಿಂತಿದ್ದಾಗಲೇ ಅತ್ತೆ ಬಂದರು, ಅವರ ಹಿಂದೆ ಬಟ್ಟೆ ಒಣಹಾಕಲು ರಮ್ಯ ಬಂದಳು. ಅತ್ತೆ ಮೆಣಸಿನ ಪಾತಿಯ ಕಡೆ ಕಣ್ಣು ಹಾಯಿಸಿ, "ಥೂ, ಯಾರ ಕಣ್ಣು ಬಿತ್ತೋ" ಎಂದರು. ಆಮೇಲೆ ಬದನೆಯ ಸಾಲು ಕಂಡಿತು. ಮುಖ ಅರಳಿತು. "ಗೌರೀ, ಬಾರೆ ಇಲ್ಲಿ. ಅವತ್ತು ಇವ್ಳು ಎಲ್ಲಾ ಕಿತ್ತು ಮತ್ತೆ ನೆಡ್ಬೇಕು ಅಂದಾಗ ನಂಗೂ ಒಂಥರಾ ಆಗಿತ್ತು. ಈಗ್ ನೋಡು. ನಮ್ ದೊಡ್ಡಸೊಸೆ ಕೈಗುಣ ಅಂದ್ರೆ ಕೈಗುಣ" ಎಂದರು.

ಈಗ ನಾನು ಒಂದು ಮಾತು ಹೇಳಬೇಕಿತ್ತು. ಬಹಳ ಸಣ್ಣ ಮಾತು. ಅದು ರಮ್ಯ ನೆಟ್ಟದ್ದು ಅತ್ತೆ, ನಾನು ಮುಟ್ಟಲಿಲ್ಲ. ಇಷ್ಟೇ. ಬಾಯಿಯವರೆಗೆ ಬಂದಿತ್ತು ಕೂಡ. ದೇವನಹಳ್ಳಿಯ ಆ ಹುಡುಗಿಯ ಕಣ್ಣೀರು ನೆನಪಾಯಿತು. ಅವಳಿಗೆ ಹೇಳಿದ ಉಪದೇಶ ಅಕ್ಷರ ಅಕ್ಷರ ನೆನಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳಿ ಎನ್ನಲೂ ಇಲ್ಲ, ಆದರೂ ನನ್ನ ಕೈ ಹೆಗಲ ಮೇಲಿನ ಸೆರಗು ಸರಿಮಾಡಿಕೊಂಡಿತು. ರಮ್ಯಳ ಕಡೆ ನೋಡುವ ಧೈರ್ಯ ಬರಲಿಲ್ಲ. ತಲೆ ತಗ್ಗಿಸಿ ನಕ್ಕೆ, ಹದಿನೆಂಟು ವರ್ಷದ ಹಿಂದೆ ನಕ್ಕ ಹಾಗೆಯೇ.

ರಮ್ಯ ಬಕೆಟ್ಟಿನಿಂದ ಒಂದು ಟವೆಲ್ ತೆಗೆದು ಕೊಡವಿದಳು. "ಹೌದು ಅತ್ತೆ, ಅಕ್ಕನ ಕೈಯೇ ಕೈ. ನನಗೆ ಇದೆಲ್ಲ ಬರಲ್ಲ. ಇನ್ಮೇಲೆ ಏನಿದ್ರೂ ಅಕ್ಕನೇ ನೆಡಲಿ" ಎಂದಳು. ಹೇಳಿ, ನುಗ್ಗೆಮರಕ್ಕೆ ಕಟ್ಟಿದ ಹಗ್ಗದ ಮೇಲೆ ಟವೆಲ್ ಹರವಿದಳು. ನನ್ನನ್ನು ನೋಡಿ ಒಂದು ಚಿಕ್ಕ ನಗು ನಕ್ಕಳು. ನಾನು ಮೊದಲು ಅದನ್ನು ದೊಡ್ಡ ಮನಸ್ಸು ಎಂದುಕೊಂಡೆ. ಎರಡು ತಿಂಗಳಲ್ಲಿ ಆ ಹುಡುಗಿ ಕಲಿತ ಪಾಠವನ್ನು ನಾನು ಹದಿನೆಂಟು ವರ್ಷದಲ್ಲಿ ಕಲಿಯಲಿಲ್ಲ ಎಂಬುದು ಗೊತ್ತಾಗಲು ಭಾನುವಾರ ಬರಬೇಕಾಯಿತು.

ಭಾನುವಾರ ಬೆಳಿಗ್ಗೆ ಏಳಕ್ಕೇ ಗೌರಮ್ಮ ಕರೆದಳು. ತೆಂಗಿನ ಸಸಿಗೆ ಮೊಣಕಾಲುದ್ದ ಗುಂಡಿ ಬೇಕು, ಕೈಗುಣ ಇರುವವರೇ ತೋಡಿದರೆ ಒಳ್ಳೆಯದು ಎಂದು ಅತ್ತೆಯ ಅಭಿಪ್ರಾಯ. ಹಾರೆ ಹಿಡಿದು ಹೊರಟೆ. ಉಳಿದ ನಲವತ್ತು ಸಸಿಯ ಟ್ರೇಯನ್ನೂ ಅತ್ತೆ ಕಂಕುಳಿಗೆ ಸಿಕ್ಕಿಸಿದರು, ಬೀದಿಯವರ ಹಿತ್ತಲಿಗೆ ನಾಲ್ಕು ನಾಲ್ಕು ಹಾಕಿ ಬರಲಿ ಎಂದು. ಮೇಲೆ ಮಹಡಿಯ ಕಿಟಕಿಯಲ್ಲಿ ಹೊಲಿಗೆ ಮಿಷಿನ್ನಿನ ಸದ್ದು ಹದವಾಗಿ ಕೇಳುತ್ತಿತ್ತು. "ಅಕ್ಕಾ, ಹುಷಾರು, ಸೊಂಟ ನೋಡ್ಕೊಳ್ಳಿ" ಎಂದು ಮೇಲಿನಿಂದ ರಮ್ಯ ಕೂಗಿದಳು. ಸರಿ ಕಣಮ್ಮಾ ಎಂದೆ. ಕದ್ದ ಮಾರ್ಕ್ಸಿಗೆ ಇಷ್ಟೂ ಶಿಕ್ಷೆ ಇಲ್ಲದಿದ್ದರೆ ಹೇಗೆ?